ಮಾರದ ಮನೆಗೆ ಸಂತೆಯ ಬೆಲೆ

ನಮ್ಮ ತಂದೆಯವರ ಕಾಲದಲ್ಲಿ ಮನೆಗೆ ಬೆಲೆ ಕಟ್ಟಲು ಒಬ್ಬ ಮನುಷ್ಯ ಬರುತ್ತಿದ್ದ. ಕಂಕುಳಲ್ಲಿ ಉದ್ದನೆಯ ರಿಜಿಸ್ಟರು, ಕಿವಿಯ ಮೇಲೊಂದು ಪೆನ್ಸಿಲು, ಕಾಲಲ್ಲಿ ಸವೆದ ಚಪ್ಪಲಿ. ಪುರಸಭೆಯ ಬಿಲ್ ಕಲೆಕ್ಟರು. ಜಗಲಿಯ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿ ಕುಡಿದು, ತಲೆಯೆತ್ತಿ ಹೆಂಚು ನೋಡಿ, "ಈ ಮನೇನ ಬಾಡಿಗೆಗೆ ಕೊಟ್ರೆ ತಿಂಗಳಿಗೆ ಎಷ್ಟು ಬರಬಹುದು ಸ್ವಾಮಿ?" ಎಂದು ಕೇಳುತ್ತಿದ್ದ. "ಈ ಸೋರೋ ಮನೆಗೆ ಯಾರು ಬರ್ತಾರಪ್ಪ?" ಎನ್ನುತ್ತಿದ್ದರು ತಂದೆಯವರು. ಆತ ನಕ್ಕು ಏನೋ ಒಂದು ಅಂಕಿ ಬರೆದುಕೊಳ್ಳುತ್ತಿದ್ದ. ಹೊರಡುವಾಗ ಅವನ ಕೈಚೀಲಕ್ಕೆ ಹಿತ್ತಲಿನ ಎರಡು ತೆಂಗಿನಕಾಯಿ ಬೀಳುತ್ತಿದ್ದವು. ಆ ಕಾಯಿಗೂ ಆ ಅಂಕಿಗೂ ಇದ್ದ ಸಂಬಂಧ ನನಗೆ ತಿಳಿದದ್ದು ಬಹಳ ತಡವಾಗಿ. ಮುಂದೆ ಹೇಳಹೊರಟಿರುವ ಮಾತಿಗೆ ಮುಂಚೆ ಇದನ್ನು ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಮನೆಗೆ ಬಹುಕಾಲ ಕಡಿಮೆ ಕಂದಾಯ ಬೀಳುತ್ತಿತ್ತು, ಅದಕ್ಕೆ ಕಾರಣ ನ್ಯಾಯವಲ್ಲ, ತೆಂಗಿನಕಾಯಿ.

ಈಗ ಯಾರೂ ಬರುವುದಿಲ್ಲ. ನಾನೇ ಕಚೇರಿಗೆ ಹೋಗಿ ಚಲನ್ ತೆಗೆಸಬೇಕು. ಹಿಂದಿನ ಸಲ ಹಾಗೆ ತೆಗೆಸಿದಾಗ, ಅದರಲ್ಲಿದ್ದ ಮೊತ್ತ ನೋಡಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಮನೆ ಅದೇ. ಮಂಗಳೂರು ಹೆಂಚು ಅದೇ, ಮಳೆಗಾಲದಲ್ಲಿ ಪಡಸಾಲೆಯಲ್ಲಿ ಇಡುವ ಪಾತ್ರೆಗಳೂ ಅವೇ. ಗುಮಾಸ್ತನನ್ನು ಕೇಳಿದೆ. ಹುಡುಗ ನನ್ನ ಶಾಲೆಯಲ್ಲೇ ಓದಿದವನು, ಮರ್ಯಾದೆಯಿಂದಲೇ ಹೇಳಿದ: "ನಿಮ್ಮ ಬೀದಿ ಈಗ ಮೇನ್ ರೋಡ್ ಲಿಸ್ಟಿಗೆ ಸೇರಿದೆ ಮೇಷ್ಟ್ರೇ. ಮಾರ್ಗಸೂಚಿ ಬೆಲೆ ಏರಿದೆ. ಆಸ್ತಿ ಬೆಲೆ ಜಾಸ್ತಿಯಾಯ್ತಲ್ಲ, ಖುಷಿ ಪಡಬೇಕು ನೀವು."

ಖುಷಿಪಡಲು ಪ್ರಯತ್ನಿಸಿದೆ. ಸಾಧ್ಯವಾಗಲಿಲ್ಲ. ನಾನು ಮನೆ ಮಾರುವವನಲ್ಲ. ಸಾಯುವವರೆಗೆ ಅದರಲ್ಲಿ ಇರುವವನು. ನನಗೆ ಬರುವುದು ಪಿಂಚಣಿಯೇ ಹೊರತು ಚದರಡಿಯ ಬೆಲೆಯಲ್ಲ.

ಓದುಗರು ಇಷ್ಟಕ್ಕೇ "ಇನ್ನೊಬ್ಬ ಮುದುಕನ ತೆರಿಗೆಯ ಗೋಳು" ಎಂದು ಪುಟ ತಿರುಗಿಸಬಾರದು. ತೆರಿಗೆ ಏರಿತು ಎಂಬುದಲ್ಲ ನನ್ನ ಜಗಳ. ಚರಂಡಿ ತೆಗೆಯಬೇಕು, ದೀಪ ಉರಿಯಬೇಕು, ಕಸ ಹೋಗಬೇಕು ಎಂದರೆ ದುಡ್ಡು ಕೊಡಬೇಕು. ನನ್ನ ಜಗಳ ಬೆಲೆ ಕಟ್ಟುವ ರೀತಿಯ ಮೇಲೆ.

ಹಳೆಯ ರೀತಿ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಅದರ ಹೆಸರು ವಾರ್ಷಿಕ ಬಾಡಿಗೆ ಮೌಲ್ಯ. ಮನೆಯನ್ನು ಬಾಡಿಗೆಗೆ ಕೊಟ್ಟರೆ ನ್ಯಾಯವಾಗಿ ಎಷ್ಟು ಬಂದೀತೋ ಅದರ ಮೇಲೆ ತೆರಿಗೆ. ಕೇಳಲು ಸರಿ. ಆದರೆ ಬಾಡಿಗೆ ನಿಯಂತ್ರಣ ಕಾನೂನು ಇದ್ದಲ್ಲಿ, ಅದು ಗೊತ್ತುಮಾಡುವ ಬಾಡಿಗೆಯನ್ನು ಮೀರಿ ಮೌಲ್ಯ ಕಟ್ಟುವಂತಿಲ್ಲ ಎಂದು 1980ರಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೀಗಾಗಿ ಪೇಟೆಯ ನಡುವಿನ ಹಳೆಯ ಕಟ್ಟಡಕ್ಕೆ ಚಿಲ್ಲರೆ ಕಾಸು, ಊರಾಚೆಯ ಹೊಸ ಮನೆಗೆ ಬರೆ. ಉಳಿದದ್ದು ಬಿಲ್ ಕಲೆಕ್ಟರಿನ ಕಣ್ಣಳತೆ. ಆ ಕಣ್ಣು ಯಾವ ಕಡೆ ವಾಲುತ್ತಿತ್ತೆಂದು ಮೇಲೆಯೇ ಹೇಳಿದ್ದೇನೆ.

ಹಾಗಾದರೆ ಮನುಷ್ಯನನ್ನು ಬಿಟ್ಟು ಅಳತೆಪಟ್ಟಿಯನ್ನೇ ನಂಬೋಣ ಎಂದರೆ ಅದಕ್ಕೂ ಮಿತಿಯಿತ್ತು. ಕೇರಳದ ಒಂದು ಕಾನೂನು ಬರೀ ನೆಲದ ವಿಸ್ತೀರ್ಣ ನೋಡಿ ಕಟ್ಟಡಕ್ಕೆ ತೆರಿಗೆ ಹಾಕಿದಾಗ, ಅರಮನೆಯನ್ನೂ ಉಗ್ರಾಣವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸಮಾನತೆಯಲ್ಲ ಎಂಬ ಕಾರಣಕ್ಕೆ 1960ರ ದಶಕದಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮುಂದೆ ಪಾಟ್ನಾ ನಗರ 1993ರಲ್ಲಿ ದಾರಿ ಹುಡುಕಿತು: ವಿಸ್ತೀರ್ಣದ ಜೊತೆಗೆ ಮನೆ ಯಾವ ರಸ್ತೆಯಲ್ಲಿದೆ, ಎಂಥ ಕಟ್ಟಡ, ಯಾವ ಉಪಯೋಗ ಎಂದು ವಿಂಗಡಿಸಿತು. 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ಘೋಷಣೆ ಬಂತು. 2008ರಲ್ಲಿ ನಗರವನ್ನು ಆರು ವಲಯಗಳಾಗಿ ಮಾಡಿ ಚದರಡಿಗೆ ಇಷ್ಟು ಎಂದು ಗೊತ್ತುಮಾಡಿದರು. ಆ ಪಟ್ಟಿಯಲ್ಲಿ ಒಂದು ವಿವೇಕ ಇತ್ತು. ಮೊದಲ ವಲಯದ ಆರ್‌ಸಿಸಿ ಮನೆ ಬಾಡಿಗೆಗಿದ್ದರೆ ಚದರಡಿಗೆ ತಿಂಗಳಿಗೆ 5 ರೂಪಾಯಿ ಮೌಲ್ಯ, ಮಾಲೀಕನೇ ವಾಸವಿದ್ದರೆ 2 ರೂಪಾಯಿ 50 ಪೈಸೆ. ಮನೆಯಿಂದ ದುಡಿಯುವವನೂ ಮನೆಯಲ್ಲಿ ಬದುಕುವವನೂ ಬೇರೆ ಬೇರೆ ಎಂದು ಅಷ್ಟಾದರೂ ಒಪ್ಪಿಕೊಂಡರು.

ನಮ್ಮಂಥ ಊರುಗಳ ಹಣೆಯಲ್ಲಿ ಬೇರೆ ಬರೆದಿತ್ತು. 2002ರಿಂದ ಇಲ್ಲಿ ಬಂಡವಾಳ ಮೌಲ್ಯದ ಪದ್ಧತಿ. ನಿವೇಶನದ ಬೆಲೆ, ಅದರ ಮೇಲೆ ಕಟ್ಟಡದ ಬೆಲೆ, ಹಳತಾದದ್ದಕ್ಕೆ ಸ್ವಲ್ಪ ಕಡಿತ. ನಿವೇಶನದ ಬೆಲೆಗೆ ಆಧಾರ ಮುದ್ರಾಂಕ ಕಾಯಿದೆಯ ಮಾರ್ಗಸೂಚಿ ಬೆಲೆ. ಇಲ್ಲಿಯೇ ನನ್ನ ಆಕ್ಷೇಪಣೆ.

ಮಾರ್ಗಸೂಚಿ ಬೆಲೆ ಹುಟ್ಟಿದ್ದು ಯಾಕೆ? ಹತ್ತು ಲಕ್ಷಕ್ಕೆ ಮಾರಿ ಎರಡು ಲಕ್ಷಕ್ಕೆ ಪತ್ರ ಬರೆಸುವವರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿಡಿಯಲು. ಅದು ಮಾರುವವನಿಗೂ ಕೊಳ್ಳುವವನಿಗೂ ಹಾಕಿದ ಬಲೆ. ಅವರ ಕೈಯಲ್ಲಿ ಆ ದಿನ ದುಡ್ಡಿರುತ್ತದೆ, ಆದ್ದರಿಂದ ಆ ಬಲೆ ನ್ಯಾಯವೇ. ಅದೇ ಬಲೆಯನ್ನು ತಂದು, ಏನನ್ನೂ ಮಾರದೆ ಜಗಲಿಯಲ್ಲಿ ಕೂತವನ ಮೇಲೆ ವರ್ಷವರ್ಷವೂ ಬೀಸಿದರೆ? 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ಈ ಬೆಲೆಗಳ ಪರಿಷ್ಕರಣೆಯಾಯಿತು. ಅದಕ್ಕೆ ಮುಂಚೆ ಕರಡು ಪಟ್ಟಿ ಹೊರಡಿಸಿ ಆಕ್ಷೇಪಣೆ ಕರೆಯುವ ಕ್ರಮವೇನೋ ಇದೆ. ಆ ಪಟ್ಟಿ ನೋಡುವವರು ಯಾರು? ದಲ್ಲಾಳಿಗಳು, ಬಡಾವಣೆ ಮಾಡುವವರು, ಪತ್ರ ಬರಹಗಾರರು. ಮನೆ ಮಾರುವ ಯೋಚನೆಯೇ ಇಲ್ಲದವನು ಮಾರಾಟದ ಪಟ್ಟಿಯನ್ನು ಯಾಕೆ ಓದುತ್ತಾನೆ? ನಾನೂ ಓದಲಿಲ್ಲ. ನನ್ನ ಮನೆಗಂದಾಯ ಅಲ್ಲಿ, ನನಗೆ ತಿಳಿಯದಂತೆ ತೀರ್ಮಾನವಾಗಿತ್ತು.

ನಮ್ಮ ಪಕ್ಕದ ಮನೆಯ ಅಜ್ಜಿಯ ವಿಷಯ ಕೇಳಿ. ಹನ್ನೆರಡು ಅಡಿ ಅಗಲ, ಹಿಂದಕ್ಕೆ ರೈಲುಡಬ್ಬಿಯ ಹಾಗೆ ಉದ್ದ. ಮುಂದಿನ ಕೋಣೆಯಲ್ಲಿ ಅಜ್ಜಿ ಹಪ್ಪಳ ಒತ್ತುತ್ತಾರೆ. ಅವರ ಎದುರಿಗೇ ಮೂರು ಅಂತಸ್ತಿನ ಕಟ್ಟಡ: ಕೆಳಗೆ ಬಟ್ಟೆ ಅಂಗಡಿ, ಮೇಲೆ ಫೈನಾನ್ಸು, ಅದರ ಮೇಲೆ ಟ್ಯೂಷನ್ನು. ಮಾರ್ಗಸೂಚಿ ಪಟ್ಟಿಯಲ್ಲಿ ಇಬ್ಬರ ನೆಲಕ್ಕೂ ಒಂದೇ ದರ, ಯಾಕೆಂದರೆ ಒಂದೇ ರಸ್ತೆ. ಅಂಗಡಿ ಕಟ್ಟಡಕ್ಕೆ ತೆರಿಗೆಯ ದರ ಹೆಚ್ಚು, ಅದಕ್ಕೇನೂ ಹೇಳುವಂತಿಲ್ಲ, ಆದರೆ ಅದು ಅಂಗಡಿಯೆಂದು ಮಾಲೀಕನೇ ಬರೆದುಕೊಟ್ಟಾಗ ಮಾತ್ರ! ಮೇಲಿನ ಎರಡು ಅಂತಸ್ತು "ವಾಸಕ್ಕೆ" ಎಂದು ಫಾರಂ ತುಂಬಿದ್ದಾರೆಂದು ಬೀದಿಗೆಲ್ಲ ಗೊತ್ತು. ಕಚೇರಿಗೆ ಮಾತ್ರ ಗೊತ್ತಿಲ್ಲ, ಯಾಕೆಂದರೆ ನೋಡಲು ಯಾರೂ ಬರುವುದಿಲ್ಲ. ಸ್ವಯಂ ಘೋಷಣೆಯೆಂದರೆ ನಿಜ ಹೇಳಿದವನಿಗೆ ದಂಡ, ಸುಳ್ಳು ಹೇಳಿದವನಿಗೆ ರಿಯಾಯಿತಿ ಎಂದಾಗಿದೆ. ಮೊದಲು ಎರಡು ತೆಂಗಿನಕಾಯಿಯಾದರೂ ಖರ್ಚಾಗುತ್ತಿತ್ತು. ಈಗ ಅದೂ ಬೇಡ.

ಇದಕ್ಕೆ ತಿಳಿದವರು ಹೇಳುವ ಉತ್ತರ ನನಗೆ ಗೊತ್ತು. "ರಸ್ತೆ ಅಗಲವಾದ್ದರಿಂದ ನಿಮ್ಮ ನೆಲದ ಬೆಲೆ ಏರಿತು. ಸರ್ಕಾರದ ದುಡ್ಡಿನಿಂದ ಏರಿದ ಬೆಲೆಯಲ್ಲಿ ಸರ್ಕಾರಕ್ಕೂ ಪಾಲು ಬೇಡವೆ?" ಬೇಕು. ಒಳ್ಳೆಯ ಮಾತು. ಆದರೆ ಆ ಲಾಭ ಕೈಗೆ ಬರುವುದು ಮಾರಿದ ದಿನ. ಆ ದಿನ ಪಾಲು ತೆಗೆದುಕೊಳ್ಳಿ, ಬೇಕಾದರೆ ದೊಡ್ಡ ಪಾಲನ್ನೇ ತೆಗೆದುಕೊಳ್ಳಿ. ಹಸು ಕರು ಹಾಕುವ ಮುಂಚೆಯೇ ಹಾಲಿನ ಲೆಕ್ಕ ಕೇಳಬೇಡಿ. ಹೀಗೆ ಕೇಳುತ್ತಾ ಹೋದರೆ ಅಜ್ಜಿಯಂಥವರು ಒಂದು ದಿನ ಎದುರು ಕಟ್ಟಡದವನಿಗೇ ಮನೆ ಕೊಟ್ಟು ಹೋಗುತ್ತಾರೆ. ಆಗ ಅವರನ್ನು ಎಬ್ಬಿಸಿದ್ದು ದಲ್ಲಾಳಿಯಲ್ಲ, ಪುರಸಭೆ ಎಂದಾಗುತ್ತದೆ.

ಇನ್ನೂ ಒಂದು ಮಾತು. ಚಲನ್ನಿನ ಕೆಳಗೆ ಉಪಕರಗಳ ಸಾಲಿದೆ. ಆರೋಗ್ಯಕ್ಕೆ ಶೇಕಡಾ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಮೂಲ ತೆರಿಗೆಯ ಮೇಲೆ ಇವು ಕೂತಿರುವುದರಿಂದ, ಬೆಲೆ ತಪ್ಪಾಗಿ ಕಟ್ಟಿದರೆ ಇವೂ ತಪ್ಪಾಗಿಯೇ ಏರುತ್ತವೆ. ಗ್ರಂಥಾಲಯಕ್ಕೆಂದರೆ ನಾನು ಸಂತೋಷದಿಂದ ಕೊಡುತ್ತೇನೆ; ಆದರೆ ನಮ್ಮ ಊರಿನ ಗ್ರಂಥಾಲಯದ ಮಾಡು ನಮ್ಮ ಮನೆಯ ಮಾಡಿಗಿಂತ ಜೋರಾಗಿ ಸೋರುತ್ತದೆ.

ನಾನು ಕೇಳುವುದು ಮೂರೇ ಸಂಗತಿ. ವಾಸದ ಮನೆಯ ತೆರಿಗೆಯನ್ನು ಮಾರಾಟದ ಪಟ್ಟಿಯಿಂದ ಬಿಡಿಸಿ, ಮನೆ ಎಷ್ಟಿದೆ, ಎಂಥದು, ಯಾರಿದ್ದಾರೆ ಎಂಬುದರ ಮೇಲೆ ಕಟ್ಟಿ. ತೆರಿಗೆಗೆ ಆಧಾರವಾಗುವ ಯಾವುದೇ ಬೆಲೆ ಬದಲಾಗುವ ಮುಂಚೆ, ವಾರ್ಡಿನಲ್ಲಿ ಜನರನ್ನು ಕೂರಿಸಿ ಹೇಳಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳಬೇಡಿ. ಮೂರನೆಯದು, ಪ್ರತಿ ಬೀದಿಯ ಅಸೆಸ್‌ಮೆಂಟ್ ಪಟ್ಟಿಯನ್ನು ಆ ಬೀದಿಯಲ್ಲೇ ನೇತುಹಾಕಿ: ಯಾರ ಮನೆ, ಎಷ್ಟು ಚದರಡಿ, ವಾಸಕ್ಕೋ ಅಂಗಡಿಗೋ, ಎಷ್ಟು ತೆರಿಗೆ. ಕಚೇರಿಗೆ ಕಾಣದ್ದು ಬೀದಿಗೆ ಕಾಣುತ್ತದೆ. ಎದುರು ಕಟ್ಟಡದವನು "ವಾಸಕ್ಕೆ" ಎಂದು ಬರೆದದ್ದನ್ನು ಅಜ್ಜಿ ಓದಲಿ. ನಮ್ಮ ಮನೆಯ ಹೆಸರಿನ ಮುಂದೆ ತಂದೆಯವರ ಕಾಲದಿಂದ ಬಂದ ಅಳತೆ ತಪ್ಪಿದ್ದರೆ ಅದನ್ನೂ ಓದಲಿ. ನಾಚಿಕೆಯಾದರೆ ನನಗೇ ಆಗಲಿ, ಬಾಕಿಯಿದ್ದರೆ ನಾನೇ ಕಟ್ಟುತ್ತೇನೆ.

ಈ ವರ್ಷದ ಕಂದಾಯವನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿದ್ದೇನೆ, ಶೇಕಡಾ ಐದರ ರಿಯಾಯಿತಿ ಬಿಡುವಷ್ಟು ಶ್ರೀಮಂತ ನಾನಲ್ಲ. ಕಟ್ಟಿದ ರಸೀದಿಯ ಜೊತೆಗೇ ಆಕ್ಷೇಪಣೆಯ ಅರ್ಜಿಯನ್ನೂ ಕೊಟ್ಟು ಬಂದೆ. ಗುಮಾಸ್ತ ಹುಡುಗ ಅದನ್ನು ತಿರುಗಿಸಿ ನೋಡಿ, "ಇದನ್ನ ಯಾವ ಫೈಲಿಗೆ ಹಾಕೋದು ಅಂತ ಗೊತ್ತಾಗ್ತಿಲ್ಲ ಮೇಷ್ಟ್ರೇ" ಎಂದ. ಹೊಸ ಫೈಲು ತೆರೆ ಎಂದು ಹೇಳಿ ಬಂದಿದ್ದೇನೆ. ಓದುಗರೂ ಒಂದೊಂದು ಅರ್ಜಿ ಕೊಟ್ಟರೆ ಆ ಫೈಲು ಬೇಗ ದಪ್ಪವಾದೀತು.