ವೇಗದ ರೈಲು ಸರಿ, ರೋಗಿಯ ಲೆಕ್ಕ ಬೇರೆ

ಬೆಳಗಾವಿ–ಬೆಂಗಳೂರು ವಂದೇ ಭಾರತ ರೈಲು 2025ರ ಆಗಸ್ಟ್ 10ರಂದು ಆರಂಭವಾಯಿತು. ಅಂದಿನಿಂದ ನಮ್ಮ ಐನಾಪುರ, ಉಗಾರ, ಕಾಗವಾಡದ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತಿದೆ: ‘ಅಪ್ಪನನ್ನು ಜಯದೇವಕ್ಕೆ ತೋರಿಸಬೇಕು, ವಂದೇ ಭಾರತದಲ್ಲಿ ಎಂಟೂವರೆ ತಾಸಿಗೆ ಮುಟ್ಟಿಬಿಡುತ್ತೇವೆ.’ ದವಾಖಾನೆಗೆ ಬಂದು ಟಿಕೆಟ್ ತೋರಿಸಿ, ‘ಸಾಹೇಬರೇ, ಹೋಗಬಹುದಲ್ಲ?’ ಎಂದು ಕೇಳುವವರೂ ಇದ್ದಾರೆ. ಟಿಕೆಟ್ ತೆಗೆಸುವ ಮೊದಲೇ ಕೇಳಿದರೆ ಎಷ್ಟೋ ಅನುಕೂಲ.

ರೈಲಿನ ಹೊತ್ತನ್ನಷ್ಟೇ ಎಣಿಸಬೇಡಿ. ಆರಂಭದ ವೇಳಾಪಟ್ಟಿಯಂತೆ ಈ ಗಾಡಿ ಬೆಳಗಾವಿ ಬಿಡುವುದು ಬೆಳಗಿನ 5.20ಕ್ಕೆ. ಬಾಡಿಗೆ ಕಾರು ಮಾಡಿಕೊಂಡರೂ ಐನಾಪುರದವರು ನಡುರಾತ್ರಿ ಎರಡಕ್ಕೆಲ್ಲ ಮನೆ ಬಿಡಬೇಕು, ಎಂದರೆ ಒಂದಕ್ಕೇ ಏಳಬೇಕು. ಎಪ್ಪತ್ತು ವರ್ಷದ ಹೃದ್ರೋಗಿಗೆ ಆ ರಾತ್ರಿ ನಿದ್ದೆಯೇ ಇಲ್ಲ. ಬೆಂಗಳೂರು ಮುಟ್ಟುವುದು ಮಧ್ಯಾಹ್ನ 1.50ಕ್ಕೆ. ಜಯದೇವ ಇರಲಿ, ಕಿದ್ವಾಯಿ ಇರಲಿ, ನಿಮ್ಹಾನ್ಸ್ ಇರಲಿ, ದೊಡ್ಡ ಆಸ್ಪತ್ರೆಗಳಲ್ಲಿ ಹೊಸ ರೋಗಿಯ ಚೀಟಿ ಮಾಡಿಸಲು ಬೆಳಿಗ್ಗೆಯೇ ಹೋಗಿ ನಿಲ್ಲಬೇಕಾಗುತ್ತದೆ. ಹಾಗಾಗಿ ಆ ದಿನ ಲಾಡ್ಜಿನಲ್ಲೋ ನೆಂಟರ ಮನೆಯಲ್ಲೋ ಕಳೆದು, ವೈದ್ಯರನ್ನು ಕಾಣುವುದು ಮರುದಿನವೇ. ಉಳಿಸಿದ ತಾಸುಗಳು ಎಲ್ಲಿ ಹೋದವು?

ಸ್ಪೇನ್ ದೇಶದ ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾಕ್ಕೆ ರೈಲು ಹಾದಿ 621 ಕಿಲೋಮೀಟರ್. ನಮ್ಮದು 611, ಹೆಚ್ಚುಕಡಿಮೆ ಅಷ್ಟೇ. ಅಲ್ಲಿ 2008ರಿಂದ ಓಡುತ್ತಿರುವ ವೇಗದ ರೈಲು ತಾಸಿಗೆ 300 ಕಿಲೋಮೀಟರಿನಂತೆ ಹೋಗಿ ಎರಡೂವರೆ ತಾಸಿಗೆ ಮುಟ್ಟಿಸುತ್ತದೆ. ನಮ್ಮ ಗಾಡಿಯ ಸರಾಸರಿ ತಾಸಿಗೆ 72 ಕಿಲೋಮೀಟರ್. ರೈಲ್ವೆಯವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಎರಡೂವರೆ ತಾಸು ಕೂತು ಏಳುವವರು ನಾಷ್ಟಾ ಮಾಡಿ ಹತ್ತಿ ಊಟಕ್ಕೆ ಇಳಿಯುತ್ತಾರೆ. ಎಂಟೂವರೆ ತಾಸಿನಲ್ಲಿ ಊಟ, ಗುಳಿಗೆ, ಮೂತ್ರ ಎಲ್ಲವೂ ಗಾಡಿಯೊಳಗೇ ಆಗಬೇಕು.

ರಕ್ತದ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯಂತೆ, ನಾಲ್ಕು ತಾಸು ಅಥವಾ ಹೆಚ್ಚು ಕೂತು ಪ್ರಯಾಣ ಮಾಡಿದರೆ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ವಿಮಾನ, ಬಸ್ಸು, ಕಾರು, ರೈಲು ಎಲ್ಲದಕ್ಕೂ ಈ ಮಾತು ಸಲ್ಲುತ್ತದೆ. ಆರೋಗ್ಯವಂತರು ಹೆದರಬೇಕಿಲ್ಲ, ಅವರಲ್ಲಿ ಸುಮಾರು ಆರು ಸಾವಿರಕ್ಕೆ ಒಬ್ಬರಿಗೆ ಮಾತ್ರ ಹಾಗಾಗಬಹುದು. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಇರುವವರು, ಗರ್ಭಿಣಿಯರು, ಬಾಣಂತಿಯರು, ಹಿಂದೊಮ್ಮೆ ಹೀಗೆ ಹೆಪ್ಪುಗಟ್ಟಿದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಉಳಿದವರು ತಾಸಿಗೊಮ್ಮೆ ಎದ್ದು ಬೋಗಿಯಲ್ಲಿ ಎರಡು ಸುತ್ತು ಓಡಾಡಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿದರೆ ಸಾಕು. ಯಾರೋ ಹೇಳಿದರೆಂದು ಆಸ್ಪಿರಿನ್ ನುಂಗಬೇಡಿ. ಊರಿಗೆ ಬಂದ ಮೇಲೂ ಕೆಲವು ವಾರ ಗಮನವಿರಲಿ: ಒಂದೇ ಕಾಲಿನ ಮೀನಖಂಡ ಬಾತು ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ಕೂಡಲೇ ತೋರಿಸಿ.

ನನಗೆ ಹೆಚ್ಚು ಚಿಂತೆ ಸಕ್ಕರೆ ಕಾಯಿಲೆಯವರದು. ‘ಗಾಡಿಯಲ್ಲಿ ಮರೆತೀತು’ ಎಂದು ಮಗ ನಡುರಾತ್ರಿಯೇ ಅಮ್ಮನಿಗೆ ಗುಳಿಗೆ ನುಂಗಿಸುತ್ತಾನೆ. ಅವಳ ಹೊಟ್ಟೆಗೆ ಬಿದ್ದದ್ದು ಅರ್ಧ ಕಪ್ ಚಹಾ. ಗ್ಲಿಮೆಪಿರೈಡ್‌ನಂಥ ಗುಳಿಗೆಯಾಗಲಿ, ಊಟಕ್ಕೆ ಮುಂಚಿನ ಇನ್ಸುಲಿನ್ ಆಗಲಿ, ತಿಂಡಿ ಕಣ್ಣೆದುರು ಬಂದ ಮೇಲೆಯೇ ತೆಗೆದುಕೊಳ್ಳಬೇಕು. ಮೈ ಬೆವರಿ, ಕೈ ನಡುಗಿ, ಮಾತು ತೊದಲಿದರೆ ‘ಗಾಡಿಯ ಆಯಾಸ’ ಎಂದು ಮಲಗಿಸಬೇಡಿ. ಎಚ್ಚರವಿದ್ದರೆ ತಕ್ಷಣ ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಆಮೇಲೆ ರೊಟ್ಟಿಯೋ ಬಿಸ್ಕೀಟೋ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ರೈಲ್ವೆ ಸಿಬ್ಬಂದಿಯನ್ನು ಕರೆಯಿರಿ. ಸಕ್ಕರೆಯ ಪೊಟ್ಟಣ ಕೈಚೀಲದಲ್ಲಿರಲಿ. ಮೇಲಿನ ಸೂಟ್‌ಕೇಸಿನಲ್ಲಿದ್ದರೆ ಇಲ್ಲದಂತೆಯೇ.

ನಮ್ಮ ಹೆಣ್ಣುಮಕ್ಕಳದು ಇನ್ನೊಂದು ಅಭ್ಯಾಸ. ಗಾಡಿಯ ಸಂಡಾಸಕ್ಕೆ ಹೋಗಲು ಸಂಕೋಚವೆಂದು ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ. ಮೂತ್ರದ ಸೋಂಕು ಇರುವವರಿಗೆ, ಮೂತ್ರಪಿಂಡದಲ್ಲಿ ಕಲ್ಲು ಇರುವವರಿಗೆ ಇದು ಕೇಡು. ವಂದೇ ಭಾರತದ ಶೌಚಾಲಯ ಹಳೆಯ ಬೋಗಿಗಳದ್ದಕ್ಕಿಂತ ಎಷ್ಟೋ ಮೇಲು, ಧಾರಾಳವಾಗಿ ಬಳಸಿ. ಇನ್ನು ಹೃದ್ರೋಗಕ್ಕೆ ಮೂತ್ರ ಹೋಗಿಸುವ ಗುಳಿಗೆ ಇದ್ದವರು ಅದನ್ನು ತಾವೇ ಬಿಡುವುದು ಬೇಡ. ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಹಿಂದಿನ ದಿನವೇ ವೈದ್ಯರಿಂದ ಕೇಳಿಕೊಳ್ಳಿ.

ಹಾಗಾದರೆ ನನ್ನ ಆಯ್ಕೆ ಯಾವುದು? ಆಸ್ಪತ್ರೆಗೆಂದೇ ಹೋಗುವ ವಯಸ್ಸಾದ ರೋಗಿಗೆ ನಮ್ಮ ಹಳೆಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ಮಿರಜ ಕಡೆಯಿಂದ ಬಂದು ಕುಡಚಿ, ರಾಯಬಾಗದಲ್ಲೇ ನಿಲ್ಲುವುದರಿಂದ ಬೆಳಗಾವಿಯ ತನಕ ಓಡಬೇಕಿಲ್ಲ. ರಾತ್ರಿ ಬುತ್ತಿ ಉಂಡು, ಗುಳಿಗೆ ನುಂಗಿ, ಕಾಲು ಚಾಚಿ ಮಲಗಬಹುದು. ಬೆಳಿಗ್ಗೆ ಬೆಂಗಳೂರಿನಲ್ಲಿಳಿದು ಬರಿ ಹೊಟ್ಟೆಯ ರಕ್ತ ಪರೀಕ್ಷೆಗೂ ಕೊಡಬಹುದು. ಅರವತ್ತು ದಾಟಿದ ಗಂಡಸರಿಗೆ, ನಲವತ್ತೈದು ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೊಡುವ ಪದ್ಧತಿಯುಂಟು. ಖಾಲಿ ಇದ್ದರೆ ಮಾತ್ರ ಸಿಗುವುದರಿಂದ ಬೇಗ ಕಾಯ್ದಿರಿಸಿ. ಕ್ಯಾನ್ಸರ್ ಮೊದಲಾದ ಕೆಲವು ರೋಗಗಳಿಗೆ ಸಾಮಾನ್ಯ ಗಾಡಿಗಳಲ್ಲಿ ಟಿಕೆಟ್ ರಿಯಾಯಿತಿಯೂ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ವಂದೇ ಭಾರತ ಬೇಡವೆಂದಲ್ಲ. ಹಿಂದಿನ ರಾತ್ರಿ ಬೆಳಗಾವಿಯ ನೆಂಟರಲ್ಲಿ ಉಳಿಯುವವರಿಗೆ, ಬೆಂಗಳೂರಿನಲ್ಲಿ ಮಕ್ಕಳ ಮನೆ ಇರುವವರಿಗೆ, ಬರ್ತಿನಲ್ಲಿ ಮಲಗಿ ಏಳಲು ಮೊಣಕಾಲು ಒಪ್ಪದವರಿಗೆ ಅದೇ ವಾಸಿ. ಬುಧವಾರ ಆ ಗಾಡಿ ಓಡುವುದಿಲ್ಲ ಎಂಬುದು ನೆನಪಿರಲಿ, ವೇಳೆಯನ್ನೂ ಹೊರಡುವ ಮೊದಲು ಖಚಿತ ಮಾಡಿಕೊಳ್ಳಿ. ಆದರೆ ಎದೆನೋವು ಈಗಲೇ ಕಾಣಿಸಿಕೊಂಡವರನ್ನು, ಬಾಯಿ ಸೊಟ್ಟಗಾಗಿ ಕೈ ಸೋತವರನ್ನು ಬೆಂಗಳೂರಿನ ಯಾವ ರೈಲಿಗೂ ಹತ್ತಿಸಬೇಡಿ. 108ಕ್ಕೆ ಫೋನ್ ಮಾಡಿ. ಮಿರಜ ನಮಗೆ ಹತ್ತಿರ, ಒಂದು ಶತಮಾನಕ್ಕೂ ಹಿಂದಿನಿಂದ ದವಾಖಾನೆಗಳಿಗೆ ಹೆಸರಾದ ಊರು ಅದು.