ಬಂದೂಕು ಅವರಿಗಿರಲಿ, ಡ್ರಾಯಿಂಗ್ ನಮಗೆ ಕೊಡಲಿ

ಹಳೇ ಬೇಟೆ ರೈಫಲ್ ಸಂಗ್ರಹ ಅಂದ್ರೆ ಬರೀ ದುಡ್ಡಿರೋರ ಶೋಕಿ ಅನ್ನೋದನ್ನ ನಾವು ಒಪ್ಪಲ್ಲ. ಅಮೆರಿಕದ ಸ್ಯಾವೇಜ್ 1899 ರೈಫಲ್ ನೋಡಿ. ಆ ಕಾಲದ ಎಷ್ಟೋ ಲಿವರ್ ರೈಫಲ್‌ಗಳಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೊಂದು ಕೂರುತ್ತಿದ್ದವು. ತುದಿ ಮೊನಚಾಗಿದ್ದರೆ, ಹೊಡೆತದ ಅದುರಿಗೆ ಅದು ಮುಂದಿನ ತೋಟಾದ ಪ್ರೈಮರ್‌ಗೆ ತಾಗಿ ಒಳಗೇ ಸಿಡಿಯುವ ಅಪಾಯ. ಆರ್ಥರ್ ಸ್ಯಾವೇಜ್ ಕೊಳವೆ ಬಿಟ್ಟು, ತಿರುಗುವ ಉರುಳೆಯ ಸುತ್ತ ತೋಟಾಗಳನ್ನು ಕೂರಿಸಿದರು. ಎಷ್ಟು ಉಳಿದಿವೆ ಅನ್ನೋ ಅಂಕಿ ಎಡಬದಿಯ ಪುಟ್ಟ ಕಿಂಡಿಯಲ್ಲೇ ಕಾಣುತ್ತಿತ್ತು!

ಮುಂದಿನ ಕೆಲವು ಮಾದರಿಗಳಲ್ಲಿ ಆ ಉರುಳೆಯೂ ಇಲ್ಲ, ಕಿಂಡಿಯೂ ಇಲ್ಲ. ಹಾಗಾಗಿ ಹಳೇ ರೈಫಲ್ಲೇ ಆ ಐಡಿಯಾದ ದಾಖಲೆ. ಅದನ್ನು ಉಳಿಸಿದವರಿಗೆ ಶರಣು. ಆದ್ರೆ ಗಾಜಿನ ಕಪಾಟಿನಲ್ಲಿಟ್ಟು ಬೀಗ ಜಡಿದರೆ ಒಳಗಿನ ಉರುಳೆ ಯಾರಿಗೆ ಕಂಡೀತು? ಸಂಗ್ರಾಹಕರು ಬಿಚ್ಚಿ, ಅಳೆದು, ಡ್ರಾಯಿಂಗ್ ಬರೆದು ಹಂಚಲಿ. ನಮಗೆ ಬೇಕಿರೋದು ಅಷ್ಟೇ.