ಪುಸ್ತಕದ ಇಸವಿಯನ್ನೂ ಓದಬೇಕು

ಅರ್ಥಶಾಸ್ತ್ರವೆಂದೊಡನೆ, ಅದು ಪ್ರಾಧ್ಯಾಪಕರಿಗೂ ಬ್ಯಾಂಕಿನವರಿಗೂ ಸೇರಿದ ವಿಷಯವೆಂದು ಪುಟ ತಿರುವಿಹಾಕುವವರೇ ನಮ್ಮಲ್ಲಿ ಹೆಚ್ಚು. ದುಡಿದದ್ದು ಯಾರಿಗೆ ಎಷ್ಟು ಸಲ್ಲಬೇಕು, ದುಡಿಯಲಾರದವನನ್ನು ಯಾರು ನೋಡಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳೇ ಆ ಶಾಸ್ತ್ರದ ತಿರುಳಾಗಿರುವುದರಿಂದ ಯಾವ ಗೃಹಸ್ಥನಿಗೂ ಅದು ಹೊರಗಿನದಲ್ಲ. ನಮ್ಮ ಸಮಾಜದ ಎಷ್ಟೋ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿ, ಅಲ್ಲಿಯ ಪೌರರಾಗಿ ಮತವನ್ನೂ ಚಲಾಯಿಸುತ್ತಿದ್ದಾರೆ. ಒಂದೇ ಮನೆಯ ಅಣ್ಣ ಒಂದು ಪಕ್ಷವನ್ನೂ ತಂಗಿ ಇನ್ನೊಂದು ಪಕ್ಷವನ್ನೂ ಸಮರ್ಥಿಸಿ ಮಾತನಾಡಿದಾಗ, ಇಲ್ಲಿರುವ ಹಿರಿಯರಿಗೆ ಯಾರ ಮಾತು ಸರಿಯೆಂದು ತೋಚದೆಹೋಗುವುದು ಸಹಜವೇ.

ಆ ದೇಶದ ಆರ್ಥಿಕ ವಿಚಾರದ ಗ್ರಂಥಗಳನ್ನು ಹಲವು ವರ್ಷಗಳಿಂದ ಬಿಡುವಾದಾಗಲೆಲ್ಲ ಓದುತ್ತ ಬಂದಿದ್ದೇನೆ. ಮೊದಲನೆಯ ಅಧ್ಯಾಯಕ್ಕೆ ಕೈಹಾಕುವ ಮುನ್ನ ಪುಸ್ತಕ ಪ್ರಕಟವಾದ ಇಸವಿಯನ್ನು ನೋಡುವುದು ನಾನು ರೂಢಿಸಿಕೊಂಡ ಪದ್ಧತಿ. ಆ ಇಸವಿಯಲ್ಲಿ ಜನ ಯಾವ ಸಂಕಟದಲ್ಲಿದ್ದರೆಂಬುದನ್ನು ಅರಿತರೆ, ಲೇಖಕರು ಯಾವ ವ್ಯಾಧಿಗೆ ಮದ್ದನ್ನು ಅರೆಯುತ್ತಿದ್ದಾರೆಂಬುದು ಗೊತ್ತಾಗುತ್ತದೆ.

1879ರಲ್ಲಿ ಹೊರಬಂದ ‘ಪ್ರೋಗ್ರೆಸ್ ಅಂಡ್ ಪಾವರ್ಟಿ’ಯನ್ನೇ ತೆಗೆದುಕೊಳ್ಳೋಣ. ಇದನ್ನು ಬರೆದ ಹೆನ್ರಿ ಜಾರ್ಜ್ ಬಾಲ್ಯದಲ್ಲೇ ಶಾಲೆಯನ್ನು ಬಿಟ್ಟವರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಹೊಟ್ಟೆ ಹೊರೆದವರು. ರೈಲು ಬಂದಿತು, ನಗರಗಳು ಬೆಳೆದವು, ಸಂಪತ್ತು ಉಕ್ಕಿತು. ಆದರೂ ದಾರಿದ್ರ್ಯ ಏಕೆ ಹೆಚ್ಚಿತು? ಊರು ಬೆಳೆದಂತೆ ಏರುವ ನೆಲದ ಬೆಲೆ, ಏನೂ ದುಡಿಯದ ಒಡೆಯನ ಪಾಲಾಗುವುದೇ ಅದಕ್ಕೆ ಕಾರಣವೆಂದು ಅವರು ಕಂಡರು. ದುಡಿಮೆಯ ಮೇಲಿನ ತೆರಿಗೆಗಳನ್ನು ತೆಗೆದು, ನೆಲದ ಮೌಲ್ಯದ ಮೇಲೊಂದೇ ತೆರಿಗೆ ಹಾಕಿರೆಂದು ವಾದಿಸಿದರು. 1886ರಲ್ಲಿ ನ್ಯೂಯಾರ್ಕಿನ ಮೇಯರ್ ಸ್ಥಾನಕ್ಕೆ ಸ್ಪರ್ಧಿಸಿ ಸೋತರೂ, ಮುಂದೆ ರಾಷ್ಟ್ರಾಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟರಿಗಿಂತ ಹೆಚ್ಚು ಮತ ಪಡೆದಿದ್ದರು.

1929ರ ಷೇರುಪೇಟೆಯ ಕುಸಿತದ ಅನಂತರ ಕಾಲ ಇನ್ನೂ ಕಠಿಣವಾಯಿತು. 1933ರ ಹೊತ್ತಿಗೆ ದುಡಿಯಬಲ್ಲ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಮಾರುಕಟ್ಟೆ ತಾನಾಗಿ ಚೇತರಿಸಿಕೊಳ್ಳುವವರೆಗೆ ಕಾಯಿರಿ ಎಂಬ ಮಾತು ಹಸಿದವನಿಗೆ ರುಚಿಸಲಿಲ್ಲ. ಫ್ರಾಂಕ್ಲಿನ್ ರೂಸ್‌ವೆಲ್ಟರು ಸರ್ಕಾರದಿಂದಲೇ ಉದ್ಯೋಗ ಕೊಡಿಸಿದರು. 1935ರಲ್ಲಿ ವೃದ್ಧರಿಗೆ ಪಿಂಚಣಿ ನೀಡುವ ಸಾಮಾಜಿಕ ಭದ್ರತೆಯ ಶಾಸನವನ್ನು ತಂದರು. ಆದರೆ ಅದೇ ಯುಗದಲ್ಲಿ ಯುರೋಪಿನ ಸರ್ವಾಧಿಕಾರಗಳನ್ನು ಕಂಡು ನಡುಗಿದ ಫ್ರೆಡ್ರಿಕ್ ಹಯೆಕ್, ಸರ್ಕಾರವೇ ಎಲ್ಲವನ್ನೂ ಯೋಜಿಸಹೊರಟರೆ ಪ್ರಜೆ ದಾಸನಾಗುವನೆಂದು 1944ರಲ್ಲಿ ‘ದಿ ರೋಡ್ ಟು ಸರ್ಫ್‌ಡಮ್’ ಎಂಬ ಗ್ರಂಥದಲ್ಲಿ ಎಚ್ಚರಿಸಿದರು. ಮರುವರ್ಷ ‘ರೀಡರ್ಸ್ ಡೈಜೆಸ್ಟ್’ ಅದರ ಸಂಕ್ಷಿಪ್ತರೂಪವನ್ನು ಅಮೆರಿಕದ ಮನೆಮನೆಗೆ ತಲುಪಿಸಿತು. ಇಡೀ ಗ್ರಂಥವನ್ನು ಓದಿದವರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ: ಅನ್ನ, ವಸ್ತ್ರ, ವಸತಿಗಳ ಕನಿಷ್ಠ ಭರವಸೆಯನ್ನು ಸಂಪನ್ನ ಸಮಾಜವೊಂದು ಎಲ್ಲರಿಗೂ ಕೊಡಬಹುದೆಂದು ಹಯೆಕ್ ಅವರೇ ಒಪ್ಪಿಕೊಂಡಿದ್ದಾರೆ.

ಯುದ್ಧಾನಂತರದ ಸಮೃದ್ಧಿಯಲ್ಲಿ ಮತ್ತೊಂದು ಬಗೆಯ ಗ್ರಂಥಗಳು ಬಂದವು. ಮುಂದೆ 1961ರಿಂದ 1963ರವರೆಗೆ ಭಾರತದಲ್ಲಿ ರಾಯಭಾರಿಯಾಗಿದ್ದ ಜಾನ್ ಕೆನೆತ್ ಗಾಲ್‌ಬ್ರೈತ್, ಖಾಸಗಿ ವೈಭವದ ಮಗ್ಗುಲಲ್ಲೇ ಸಾರ್ವಜನಿಕ ಸೌಕರ್ಯಗಳು ಸೊರಗಿರುವುದನ್ನು 1958ರ ‘ದಿ ಅಫ್ಲುಯೆಂಟ್ ಸೊಸೈಟಿ’ಯಲ್ಲಿ ತೋರಿಸಿದರು. 1962ರಲ್ಲಿ ಮೈಕೆಲ್ ಹ್ಯಾರಿಂಗ್ಟನ್ ‘ದಿ ಅದರ್ ಅಮೆರಿಕ’ ಬರೆದರು. ಹೆದ್ದಾರಿಯಲ್ಲಿ ಸಾಗುವವರಿಗೆ ಬಡವರು ಕಣ್ಣಿಗೇ ಬೀಳುವುದಿಲ್ಲವೆಂಬುದು ಅವರ ಅಳಲು. ಎರಡೇ ವರ್ಷಗಳಲ್ಲಿ ಅಧ್ಯಕ್ಷ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದರು. 1965ರಲ್ಲಿ ವೃದ್ಧರಿಗೂ ಬಡವರಿಗೂ ವೈದ್ಯಕೀಯ ನೆರವಿನ ಯೋಜನೆಗಳು ಶಾಸನವಾದವು.

ಮದ್ದನ್ನೇ ನಿತ್ಯದ ಊಟವಾಗಿಸಿಕೊಂಡರೆ ಬೇರೊಂದು ವ್ಯಾಧಿ ತಲೆಯೆತ್ತುತ್ತದೆ. ಎಪ್ಪತ್ತರ ದಶಕದಲ್ಲಿ ನಿರುದ್ಯೋಗವೂ ಬೆಲೆಯೇರಿಕೆಯೂ ಜೊತೆಜೊತೆಯಾಗಿ ಬಂದಾಗ ಹಳೆಯ ಸೂತ್ರಗಳಿಂದ ಪರಿಹಾರ ದೊರೆಯಲಿಲ್ಲ. 1980ರಲ್ಲಿ ಬೆಲೆಗಳು ಶೇಕಡ 13ಕ್ಕೂ ಮಿಕ್ಕು ಏರಿದವು. 1962ರಲ್ಲೇ ‘ಕ್ಯಾಪಿಟಲಿಸಂ ಅಂಡ್ ಫ್ರೀಡಂ’ ಬರೆದಿದ್ದ ಮಿಲ್ಟನ್ ಫ್ರೀಡ್‌ಮನ್ನರ ಮಾತಿಗೆ ಆಗ ಬೆಲೆ ಬಂದಿತು. ಯೌವನದಲ್ಲಿ ರೂಸ್‌ವೆಲ್ಟರಿಗೆ ಮತವಿತ್ತು, 1962ರವರೆಗೂ ಡೆಮಾಕ್ರಟಿಕ್ ಪಕ್ಷದಲ್ಲಿದ್ದ ರೊನಾಲ್ಡ್ ರೇಗನ್, ರಿಪಬ್ಲಿಕನ್ ಅಧ್ಯಕ್ಷರಾಗಿ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇಕಡ 70ರಿಂದ 28ಕ್ಕೆ ಇಳಿಸಿದರು. ಆದರೆ ಫ್ರೀಡ್‌ಮನ್ನರ ಅದೇ ಪುಸ್ತಕದಲ್ಲಿ, ಆದಾಯ ಸಾಲದವನಿಗೆ ಸರ್ಕಾರವೇ ಹಣ ಕೊಡಬೇಕೆಂಬ ಸಲಹೆಯೂ ಇದೆ. ಅವರ ಜಯಕಾರ ಮಾಡುವವರು ಆ ಪುಟವನ್ನು ನೆನೆಯುವುದು ಅಪರೂಪ.

ಅನಂತರದ ಚರಿತ್ರೆ ಇನ್ನೂ ವಿಚಿತ್ರ. ರೂಸ್‌ವೆಲ್ಟರ ಪಕ್ಷಕ್ಕೇ ಸೇರಿದ ಕ್ಲಿಂಟನ್ನರು ದೊಡ್ಡ ಸರ್ಕಾರದ ಕಾಲ ಮುಗಿಯಿತೆಂದು 1996ರಲ್ಲಿ ಸಾರಿದರು. 2008ರಲ್ಲಿ ಬ್ಯಾಂಕುಗಳು ಕುಸಿದಾಗ, ಮುಕ್ತ ಮಾರುಕಟ್ಟೆಯನ್ನು ಹೊಗಳುವ ರಿಪಬ್ಲಿಕನ್ ಪಕ್ಷದ ಅಧ್ಯಕ್ಷರೇ ಎಪ್ಪತ್ತು ಸಾವಿರ ಕೋಟಿ ಡಾಲರುಗಳವರೆಗಿನ ಸರ್ಕಾರಿ ನೆರವಿಗೆ ಅಂಕಿತ ಹಾಕಿದರು. ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿ ಹದಿನೆಂಟು ವರ್ಷ ಕಳೆದ ಅಲನ್ ಗ್ರೀನ್‌ಸ್ಪ್ಯಾನ್, ತಾವು ನಂಬಿದ್ದ ಸಿದ್ಧಾಂತದಲ್ಲಿ ದೋಷವಿತ್ತೆಂದು ಸಂಸತ್ತಿನ ಸಮಿತಿಯ ಮುಂದೆ ನುಡಿದರು. ಎಂಬತ್ತರ ದಶಕದಲ್ಲಿ ಮುಕ್ತ ವ್ಯಾಪಾರದ ಪರವಾಗಿದ್ದ ಆ ಪಕ್ಷವೇ 2018ರಲ್ಲಿ ಆಮದು ಸುಂಕಗಳನ್ನು ಏರಿಸಿತು. 2025ರಲ್ಲಿ ಇನ್ನಷ್ಟು ಏರಿಸಿತು. ಹಾಗೆ ನೋಡಿದರೆ ಸುಂಕದ ಗೋಡೆ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪಕ್ಷದ ಹಳೆಯ ನೀತಿಯೇ ಆಗಿತ್ತು.

ಇದನ್ನೆಲ್ಲ ಓದಿದ ಮೇಲೆ ನನ್ನಲ್ಲಿ ಉಳಿಯುವುದು ನಿರಾಶೆಯಲ್ಲ. ಪಕ್ಷಗಳು ಹೆಸರನ್ನು ಉಳಿಸಿಕೊಂಡು ವಿಚಾರಗಳನ್ನು ಬದಲಾಯಿಸುತ್ತವೆ. ಆದುದರಿಂದ ಪಕ್ಷದ ಹೆಸರು ವಿಚಾರಕ್ಕೆ ಅಳತೆಗೋಲಾಗಲಾರದು. ಹಯೆಕ್, ಫ್ರೀಡ್‌ಮನ್ನರು ದುಡಿಯುವವನ ಸ್ವಾತಂತ್ರ್ಯಕ್ಕಾಗಿ ನಿಂತರು. ಗಾಲ್‌ಬ್ರೈತ್, ಹ್ಯಾರಿಂಗ್ಟನ್ನರು ಹಂಚಿಕೊಳ್ಳುವ ಹೊಣೆಗಾಗಿ ನಿಂತರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಬ್ಬರಿಗೆ ಕಾಯಕ ಮುಖ್ಯವಾಯಿತು, ಇನ್ನೊಬ್ಬರಿಗೆ ದಾಸೋಹ. ಹನ್ನೆರಡನೆಯ ಶತಮಾನದ ಶರಣರಲ್ಲಿ ಇಂದಿನ ತೆರಿಗೆಯ ದರವನ್ನು ಹುಡುಕುವುದು ಸಲ್ಲದು. ಆದರೆ ಅವರ ಬದುಕಿನಲ್ಲಿ ಈ ಎರಡೂ ಬೇರೆಬೇರೆಯಾಗಿರಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ಅದನ್ನು ಮರಳಿ ಸುರಿದುಬರಲು ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು.

ಯಾವುದೇ ನೀತಿಯನ್ನು ಕುರಿತು ಎರಡು ಪ್ರಶ್ನೆಗಳನ್ನು ಕೇಳುವ ರೂಢಿಯನ್ನು ತರುಣರು ಬೆಳೆಸಿಕೊಂಡರೆ ಒಳಿತು. ಇದು ದುಡಿಯುವವನ ಕಾಯಕಕ್ಕೆ ಗೌರವ ತರುತ್ತದೆಯೆ? ಬಿದ್ದವನನ್ನು ಹೀನಾಯಗೊಳಿಸದೆ ಮೇಲೆತ್ತುತ್ತದೆಯೆ? ಇವೆರಡಕ್ಕೂ ಹೌದೆನ್ನುವ ನೀತಿ ಯಾವ ಪಕ್ಷದಿಂದ ಬಂದರೂ ಸ್ವೀಕಾರಾರ್ಹ. ಒಂದಕ್ಕೆ ಮಾತ್ರ ಹೌದೆನ್ನುವ ಪುಸ್ತಕವನ್ನು ಓದಿದವರು, ಅದರ ಎದುರುವಾದದ ಪುಸ್ತಕವನ್ನೂ ಗ್ರಂಥಾಲಯದಿಂದ ತಂದು ಓದಲಿ. ಎರಡರ ಮೇಲೂ ಅಚ್ಚಾಗಿರುವ ಇಸವಿಯನ್ನು ಮಾತ್ರ ಮರೆಯದೆ ನೋಡಲಿ.